ಪಾಯ ಮೊದಲು, ಗಿಲಾವು ಆಮೇಲೆ

ಸೆಪ್ಟೆಂಬರ್ 2, 2007, ರವಿವಾರ

ಈ ಡೈರಿ ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಸಮರ್ಥ್ ಕೊಟ್ಟದ್ದು. ಅವನ ಸಾಫ್ಟ್‌ವೇರ್ ಕಂಪನಿಯವರು ಹೊಸ ವರ್ಷಕ್ಕೆ ಹಂಚಿದ್ದಂತೆ. ಇಷ್ಟು ತಿಂಗಳು ಅವನ ಕಪಾಟಿನಲ್ಲಿ ಸುಮ್ಮನೆ ಬಿದ್ದಿತ್ತು. ಬರೆಯಿರಿ ಅಂದವಳು ಶಿವಗಂಗಾ. "ಮುಂಜಾನಿಂದ ಸಂಜಿತನಕ ನಿಮ್ಮ ಬೈಗುಳ ನಾ ಒಬ್ಬಾಕಿನ ಕೇಳಬೇಕೇನು? ಇದರಾಗ ಬೈರಿ. ಇದಕ ಕಿವಿ ಇಲ್ಲ," ಅಂದಳು. ಕಟ್ಟಿಕೊಂಡ ಹೆಂಡತಿ ಅನ್ನುವ ಮಾತೇ ಇದು? ಆದರೂ ಬರೆಯುತ್ತಿದ್ದೇನೆ.

ಐದನೆಯ ಇಯತ್ತೆಗೆ ಸಾಲೆ ಬಿಟ್ಟವನು ನಾನು. ಅಕ್ಷರ ಮಾತ್ರ ಕೆಟ್ಟಿಲ್ಲ. ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಅಳತೆ ಬರೆದು ಬರೆದು ಗಟ್ಟಿಯಾಗಿವೆ.

ಮೊಣಕಾಲು ಹೋದ ಮೇಲೆ ಸೆಂಟ್ರಿಂಗ್ ಮೇಸ್ತ್ರಿ ಸೂಗಪ್ಪನನ್ನು ಕೇಳುವವರಿಲ್ಲ. ಕಾಂಕ್ರೀಟು ಸುರಿಯುವ ಮುಂಚೆ ಹಲಗೆ ಕಟ್ಟಿ ಅಚ್ಚು ನಿಲ್ಲಿಸುವುದು ನಮ್ಮ ಕೆಲಸ. ಕಾಂಕ್ರೀಟು ಗಟ್ಟಿಯಾದ ಕೂಡಲೇ ಹಲಗೆ ಬಿಚ್ಚಿ ಒಯ್ಯುತ್ತಾರೆ. ಮಣಿಕೊಂಡದ ಸುತ್ತ ಎದ್ದ ಗಾಜಿನ ಕಟ್ಟಡಗಳ ಒಳಗೋಡೆಗಳಲ್ಲೆಲ್ಲ ನನ್ನ ಹಲಗೆಯ ಗೆರೆಗಳಿವೆ. ಮೇಲೆ ಸಿಮೆಂಟಿನ ಗಿಲಾವು ಬಳಿದು ಮುಚ್ಚಿದ್ದಾರೆ. ಯಾರಿಗೆ ತೋರಿಸಲಿ?

ಹೋದ ವಾರ ಸಿಕಂದರಾಬಾದಿನಲ್ಲಿ ದತ್ತಾತ್ರೇಯನ ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆ. ಶಿವಗಂಗಾಳ ತಮ್ಮನ ಮಗ ಆನಂದಕುಮಾರ ಅಲ್ಲೇ ಕೌಂಟರಿನಲ್ಲಿ ಇದ್ದಾನೆ. ನಾನೇ ಹಚ್ಚಿದ ಕೆಲಸ. ದತ್ತಾತ್ರೇಯನ ಮನೆಯ ಸ್ಲ್ಯಾಬು ಹಾಕಿದವನು ನಾನು. ಇಂದಿಗೂ ಒಂದು ಹನಿ ಸೋರಿಲ್ಲ. ಆ ಮಾತಿನ ಮೇಲೆ ಹುಡುಗನನ್ನು ಇಟ್ಟುಕೊಂಡ. ಆನಂದ, "ಕುಂದರ್ರಿ ಮಾಮಾ, ಗಿರಾಕಿ ಮುಗಿಸಿ ಬರ್ತೀನಿ," ಎಂದು ನನ್ನನ್ನು ಒಂದು ಕಂಪ್ಯೂಟರಿನ ಮುಂದೆ ಕೂಡಿಸಿದ. ಊರು ಕಟ್ಟುವ ಆಟ. ಬಯಲು ಕೊಡುತ್ತಾರೆ. ರಸ್ತೆ ಎಳೆಯಬೇಕು, ನೀರು ತರಬೇಕು, ಮನೆಗೆ ಜಾಗ ಬಿಡಬೇಕು. ಬಿಟ್ಟರೆ ಜನ ತಾವಾಗಿಯೇ ಬರುತ್ತಾರೆ. ಕಟ್ಟಿದ್ದು ಅಲ್ಲೇ ನಿಲ್ಲುತ್ತದೆ, ಯಾರೂ ಬಿಚ್ಚಿ ಒಯ್ಯುವುದಿಲ್ಲ. ಒಂದಿಷ್ಟು ಹೊತ್ತು ಅಂದುಕೊಂಡು ಕೂತವನು ತಲೆ ಎತ್ತಿದಾಗ ಷಟರು ಇಳಿಸುತ್ತಿದ್ದರು.

ಅಂಥದ್ದೊಂದು ಮನೆಗೆ ತರಬೇಕು. ಮೊಮ್ಮಗಳು ತಾರಾ ದೀಪಾವಳಿಗೆ ಬರುತ್ತಾಳೆ, ಅವಳಿಗೆ. ಶಿವಗಂಗಾಗೂ ಹಾಗೇ ಹೇಳಿದ್ದೇನೆ. ನನಗೇನು ಆಟದ ಹುಚ್ಚಿಲ್ಲ.

ಸೆಪ್ಟೆಂಬರ್ 9, ರವಿವಾರ

ಒಂದು ಕಂಪ್ಯೂಟರು ಕೊಳ್ಳುವುದು ಹೆಣ್ಣು ಗೊತ್ತುಮಾಡುವುದಕ್ಕಿಂತ ಕಷ್ಟ. ಅಲ್ಲಾದರೆ ಒಂದೇ ಜಾತಕ, ಇಲ್ಲಿ ಎರಡು. ಒಂದು ಪ್ರೊಸೆಸರ್, ಒಂದು ಗ್ರಾಫಿಕ್ಸ್ ಕಾರ್ಡು. ಪ್ರೊಸೆಸರ್ ಅಂದರೆ ಲೆಕ್ಕ ಹಾಕುವ ತಲೆ. ಕಾರ್ಡು ಅಂದರೆ ಆ ಲೆಕ್ಕವನ್ನು ಚಿತ್ರ ಮಾಡಿ ತೋರಿಸುವುದು. ಎರಡೂ ಉತ್ತಮವಾದದ್ದೇ ಬೇಕೆಂದರೆ ನನ್ನಂಥವನ ಕೈಗೆ ಎಟುಕುವುದಿಲ್ಲ. ಒಂದು ಕಡೆ ಬಿಗಿಹಿಡಿಯಬೇಕು.

ಇವತ್ತು ಕಟ್ಟೆಯ ಮೇಲೆ ಅದೇ ಪಂಚಾಯಿತಿ. ಸಮರ್ಥ್ ಮೈಸೂರು ಕಡೆಯವನು. ಕೂತ ಕಡೆ ಕೂರುವುದಿಲ್ಲ, ಕಿವಿಯಲ್ಲಿ ಸದಾ ಒಂದು ವಯರು.

"ಅಂಕಲ್, ಗೇಮಿಂಗ್ ಅಂದ್ರೆ ಕಾರ್ಡು. ದುಡ್ಡೆಲ್ಲಾ ಕಾರ್ಡಿಗೇ ಹಾಕಿ. ಪ್ರೊಸೆಸರ್ ಯಾವುದಾದ್ರೂ ನಡೆಯುತ್ತೆ," ಅಂದ.

ಆನಂದ ತಲೆ ಅಲ್ಲಾಡಿಸಿದ. "ನೀವು ಆಡೋದು ಬಂದೂಕಿನ ಆಟ ಸರ. ಅದಕ್ಕ ಕಾರ್ಡ ಬೇಕು, ಖರೆ. ಮಾಮಾ ಆಡೋದು ಊರು ಕಟ್ಟೋ ಆಟ. ಊರು ಬೆಳದಂಗ ಸಾವಿರ ಮಂದಿ ಎಲ್ಲಿ ಹೊಂಟಾರ, ಎಲ್ಲಿ ನೀರಿಲ್ಲ, ಅದನ್ನೆಲ್ಲಾ ಲೆಕ್ಕ ಹಾಕೋದು ಪ್ರೊಸೆಸರ್. ಅದು ಬಡವಿದ್ರ ಊರು ತೆವಳತೈತಿ."

"ಮಾಮಾ ಆಡೋದಾ? ತಾರಾಗೆ ಅಂದ್ರಿ ಅಂಕಲ್," ಅಂದ ಸಮರ್ಥ್. ಇವನಿಗೆ ಬೇಡದ ಪ್ರಶ್ನೆ.

ಅಷ್ಟರಲ್ಲಿ ನನಗೆ ತಿಳಿದುಹೋಗಿತ್ತು. "ಪ್ರೊಸೆಸರ್ ಅಂದ್ರ ಪಾಯ. ಕಾರ್ಡ ಅಂದ್ರ ಗಿಲಾವು. ಪಾಯಕ್ಕ ಹಾಕಬೇಕಾದ್ದು ಪಾಯಕ್ಕ ಹಾಕ್ರಿ. ಗಿಲಾವು ಮೈ ಮುಚ್ಚುವಷ್ಟು ಇದ್ರ ಸಾಕು," ಅಂದೆ.

"ಹೌದ್ರಿ ಮಾಮಾ, ಇಷ್ಟ ನಾ ಹೇಳೋದು," ಅಂದ ಆನಂದ. ಅವನ ಮುಖ ಅರಳಿತು. ಈ ಹುಡುಗನಿಗೆ ಬುದ್ಧಿ ಇದೆ. ನನ್ನ ಕಡೆಯಿಂದ ಬಂದದ್ದಲ್ಲ, ಶಿವಗಂಗಾಳ ಕಡೆಯದು, ಆದರೂ ಇದೆ.

ಸಮರ್ಥ್ ನಕ್ಕು, "ಗಿಲಾವು ಇಲ್ಲದ ಮನೇಲಿ ಯಾರು ಇರ್ತಾರೆ ಅಂಕಲ್?" ಅಂದ.

"ನಿಮ್ಮ ಕಂಪನಿ ಕಟ್ಟೋವಾಗ ನಾವು ಎರಡು ವರ್ಷ ಅಂಥದ್ರಾಗ ಇದ್ದೀವಿ," ಅಂದೆ. ಕಿವಿಗೆ ವಯರು ಹಾಕಿಕೊಂಡ.

ಸೆಪ್ಟೆಂಬರ್ 16, ರವಿವಾರ

ತಂದೆವು. ಓಣಿ ಓಣಿಗೆ ಗಣಪತಿ ಕೂತಿದ್ದಾನೆ. ಮೈಕಿನ ಗದ್ದಲದಲ್ಲಿ ಆಟೋದವನಿಗೆ ದಾರಿ ಹೇಳುವುದೇ ದೊಡ್ಡದಾಯಿತು.

ಅಂಗಡಿಯಲ್ಲಿ ಜಗಳ ಆಗಿಯೇ ಆಯಿತು. ಆಗದೆ ಇದ್ದರೆ ನಾನು ಹೋದದ್ದು ಯಾರಿಗೆ ಗೊತ್ತಾಗಬೇಕು. ಪ್ರೊಸೆಸರ್ ಆರಿಸಿದ್ದರಲ್ಲಿ ತಂಟೆ ಇಲ್ಲ. ಎರಡು ತಲೆಯ ಇಂಟೆಲ್. ಕಾರ್ಡಿನ ಹತ್ತಿರ ಬಂದಾಗ ಆನಂದ ಎಂಟು ಸಾವಿರದ ನಂಬರಿನ ಪೆಟ್ಟಿಗೆ ಬದಿಗಿಟ್ಟು ಏಳು ಸಾವಿರದ್ದನ್ನು ಮುಂದೆ ಇಟ್ಟ.

"ಎಂಟಕ್ಕಿಂತ ಏಳು ದೊಡ್ಡದೇನಲೇ? ಐವತ್ಮೂರನೇ ಗ್ರೇಡ್ ಸಿಮೆಂಟ್ ಕೇಳಿದ್ರ ನಲವತ್ಮೂರನೇದು ಕೊಡ್ತಿಯೇನು?"

"ಮಾಮಾ, ಮೊದಲನೇ ಅಂಕಿ ಹುಟ್ಟಿದ ವರ್ಷ ಇದ್ದಂಗ. ಎರಡನೇ ಅಂಕಿ ಮೈಯಾಗಿನ ತಾಕತ್ತು. ಇದು ಒಂದು ವರ್ಷ ಹಳೇದು ಖರೆ, ಆದ್ರ ಗಟ್ಟಿ."

"ಹಳೇ ಮಾಲು ಖಾಲಿ ಮಾಡಾಕ ನಾನಾ ಸಿಕ್ಕೆನು?"

ದತ್ತಾತ್ರೇಯ ದುಡ್ಡಿನ ಗಲ್ಲೆಯಿಂದ ಎದ್ದು ಬಂದ. ಅವನು ಬೀದರಿನ ಕಡೆಯವನು, ಬೆಣ್ಣೆಯಂಥ ಮಾತು. "ಮೇಸ್ತ್ರಿ, ಹುಡುಗ ಸರಿಯಾಗೇ ಹೇಳ್ಯಾನ. ನಿಮ್ಮ ಮಾತಿನ ಮ್ಯಾಲ ಇಟ್ಕೊಂಡೆ, ಈಗ ಅವನ ಮಾತಿನ ಮ್ಯಾಲ ಅಂಗಡಿ ನಡದದ. ದೀಪಾವಳಿಗಿ ದಿಲ್‌ಸುಖ್‌ನಗರದಾಗ ಎರಡನೇ ಅಂಗಡಿ ತೆಗಿಲಿಕತ್ತೀನಿ. ಕೀಲಿ ಇವನ ಕೈಗೇ ಕೊಡಾಂವ."

ಆನಂದ ನೆಲ ನೋಡಿದ. ಕಿವಿ ಕೆಂಪಗಾಗಿತ್ತು. ಒಂದು ಅಂಗಡಿಯ ಕೀಲಿ ಅಂದರೆ ಸಣ್ಣ ಮಾತಲ್ಲ. ನಾನು ಏಳು ಸಾವಿರದ್ದನ್ನೇ ಕೊಡು ಅಂದೆ. ಮನೆಗೆ ಬಂದು ಶಿವಗಂಗಾಗೆ ಹೇಳಿದಾಗ ಅವಳು ದೇವರ ಮುಂದೆ ಸಕ್ಕರೆ ಇಟ್ಟಳು.

ಸೆಪ್ಟೆಂಬರ್ 28, ಶುಕ್ರವಾರ

ಊರಿಗೆ ನದಿ ದಾಟಿಸಿ ಸೇತುವೆ ಕಟ್ಟಿದೆ. ಮೊದಲನೆಯದು ತಪ್ಪು ಜಾಗದಲ್ಲಿತ್ತು, ಕೆಡವಿದೆ. ಪೂರ್ವಕ್ಕೆ ಆಸ್ಪತ್ರೆ. ಸೆಂಟ್ರಿಂಗ್‌ನವರಿಗೆ ಅಂತಲೇ ಒಂದು ಓಣಿ ಬಿಟ್ಟಿದ್ದೇನೆ, ನೀರಿನ ಟಾಕಿಯ ಹತ್ತಿರ, ಚಲೋ ಜಾಗ. ಅವರಿಗೆ ಆಟದಲ್ಲಿ ಬೇರೆ ಹೆಸರೇನೂ ಇಲ್ಲ, ನನಗೆ ಗೊತ್ತಿದ್ದರೆ ಸಾಕು.

ಕಾರ್ಡು ನೀರಿನಲ್ಲಿ ಮೋಡದ ನೆರಳು ಸಹ ತೋರಿಸುತ್ತದೆ. ಗಿಲಾವು ಅಂದದ್ದು ಸ್ವಲ್ಪ ಹೆಚ್ಚಾಯಿತು.

ಶಿವಗಂಗಾ ಎರಡು ಸಲ ಊಟಕ್ಕೆ ಕರೆದಳು. ಮೂರನೆಯ ಸಲ ತಾಟು ತಂದು ಕೀಬೋರ್ಡಿನ ಮೇಲೆ ಇಟ್ಟಳು.

ಅಕ್ಟೋಬರ್ 19, ಶುಕ್ರವಾರ

ಕಾರ್ಡಿನ ಮೇಲಿನ ಸಣ್ಣ ಪಂಖ ಗಿರಣಿಯ ಹಾಗೆ ಕೂಗುತ್ತಿತ್ತು. ನಿನ್ನೆ ಆನಂದ ಬಂದು ಡಬ್ಬಿ ಬಿಚ್ಚಿ, "ಪಂಖ ಬದಲಿಸಬೇಕ್ರಿ ಮಾಮಾ," ಎಂದು ಕಾರ್ಡನ್ನು ಅಂಗಡಿಗೆ ಒಯ್ದ. ಇವತ್ತು ಸಂಜೆ ತಂದು ಕೂಡಿಸಿದ. ಬಿಚ್ಚುವುದು ಹೇಗೆ, ಕೂಡಿಸುವುದು ಹೇಗೆ, ಕಣ್ಣಿಟ್ಟು ನೋಡಿದೆ. ಒಂದು ಕೊಂಡಿ ಒತ್ತಿ ಎಳೆದರೆ ಬರುತ್ತದೆ. ಏನೂ ಬ್ರಹ್ಮವಿದ್ಯೆ ಅಲ್ಲ.

ಸಂಜೆ ಊರು ಚೆನ್ನಾಗಿ ಓಡಿತು. ಸಪ್ಪಳವಿಲ್ಲ. ನಾಳೆ ಖಂಡೇಪೂಜೆ.

ಅಕ್ಟೋಬರ್ 20, ಶನಿವಾರ

ಖಂಡೇಪೂಜೆ ಚೆನ್ನಾಗಿ ಆಯಿತು.

ಓಳಂಬದ ಗುಂಡು, ರಸಮಟ್ಟ, ಕರಗಸ, ಸುತ್ತಿಗೆ, ಎಲ್ಲವನ್ನೂ ತೊಳೆದು ಒರೆಸಿ ಕಂಬಳಿಯ ಮೇಲೆ ಇಟ್ಟೆ. ಕೆಲಸ ಬಿಟ್ಟರೂ ಆಯುಧ ಬಿಡುವ ಹಾಗಿಲ್ಲ. ಪಕ್ಕದಲ್ಲಿ ಕಂಪ್ಯೂಟರು. ಶಿವಗಂಗಾ ಡಬ್ಬಿಯ ಮುಖಕ್ಕೆ ಕುಂಕುಮ ಹಚ್ಚಿ, "ಆತಲ್ಲ," ಅಂದಳು.

"ಏನ ಆತು? ಡಬ್ಬಿ ದುಡಿತೈತೇನು? ದುಡಿಯೋವು ಒಳಗ ಅದಾವ. ಕರಗಸದ ಹಿಡಿಕೆಗೆ ಕುಂಕುಮ ಹಚ್ಚಿ ಹಲ್ಲಿಗೆ ಬಿಡ್ತಾರೇನು?"

ಕರೆಂಟಿನ ವಯರು ಕಿತ್ತೇ ಕೈ ಹಾಕಿದೆ, ನಾನೇನು ದಡ್ಡನಲ್ಲ. ಪ್ರೊಸೆಸರ್ ದೊಡ್ಡ ಪಂಖದ ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಅದಕ್ಕೆ ದೂರದಿಂದಲೇ ಕೈ ಮುಗಿದೆ. ಕಾರ್ಡನ್ನು ಕೊಂಡಿ ಒತ್ತಿ ತೆಗೆದೆ. ಅದರ ಕೆಳಗಂಚಿನಲ್ಲಿ ಕರಗಸದ ಹಾಗೆಯೇ ಹಲ್ಲುಗಳ ಸಾಲು, ಬಂಗಾರದ ಬಣ್ಣ. ಕೈಯಲ್ಲಿ ಹಿಡಿದರೆ ತೂಕ. ಮೂರು ಬೆರಳಿನಿಂದ ಒದ್ದೆ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟು, ಒಡೆದ ಕಾಯಿಯ ನೀರು ಎರಡು ಹನಿ ಚಿಮುಕಿಸಿದೆ. ಕರ್ಪೂರ ಬೆಳಗಿದೆ. ತಿರುಗಿ ಕೂಡಿಸಿದಾಗ ಟಕ್ಕೆಂದು ಕೂತಿತು. ಆನಂದ ಕೂಡಿಸಿದಾಗಲೂ ಅದೇ ಸಪ್ಪಳ.

ಇವತ್ತು ಆಯುಧ ದುಡಿಸುವ ಹಾಗಿಲ್ಲ. ಸ್ವಿಚ್ಚು ಹಾಕಲಿಲ್ಲ. ಊರಿನ ಮಂದಿಗೂ ಒಂದು ದಿನ ಸೂಟಿ.

ಅಕ್ಟೋಬರ್ 21, ರವಿವಾರ

ಮೋಸ. ಮೋಸ. ಮನೆಯವನಿಂದಲೇ ಮೋಸ.

ಮಧ್ಯಾಹ್ನ ಹೋಳಿಗೆ ಉಂಡು ಸ್ವಿಚ್ಚು ಹಾಕಿದೆ. ಪಂಖ ತಿರುಗಿತು. ಪರದೆ ಕರ್ರಗೆ. ಒಂದು ಸುಟ್ಟ ವಾಸನೆ ಬಂತು, ಹೋಯಿತು. ಮತ್ತೆ ಹಾಕಿದೆ, ಮತ್ತೆ ಕರ್ರಗೆ. ನನ್ನ ಊರು ಹೋಯಿತು.

ಸಮರ್ಥ್ ದಸರೆಗೆ ಮೈಸೂರಿಗೆ ಹೋಗಿದ್ದಾನೆ. ಫೋನು ಮಾಡಿದೆ. ಎಲ್ಲ ಕೇಳಿ, "ಕಾರ್ಡ್ ಹೋಗಿದೆ ಅನ್ಸುತ್ತೆ ಅಂಕಲ್. ಈಚೆಗೆ ಯಾರಾದ್ರೂ ತೆಗೆದಿದ್ರಾ?" ಅಂದ. ಆನಂದ ಒಂದು ದಿನ ಅಂಗಡಿಗೆ ಒಯ್ದಿದ್ದ ಅಂದೆ. "ಓ! ಮಾರ್ಕೆಟ್ಟಲ್ಲಿ ಹಾಗೆ ಮಾಡ್ತಾರೆ. ಒಳ್ಳೇದು ಇಟ್ಕೊಂಡು ಹಳೇದು ಹಾಕಿಕೊಡೋದು. ಇರ್ಬೋದು, ಹೇಳೋಕಾಗಲ್ಲ," ಅಂದ.

ಹೇಳಬೇಕಾಗಿಯೇ ಇಲ್ಲ. ಗುರುವಾರದವರೆಗೆ ಕಾರ್ಡಿಗೆ ಏನೂ ಆಗಿರಲಿಲ್ಲ. ಒಯ್ದ, ತಂದ, ಒಂದು ಸಂಜೆ ಓಡಿತು, ಸತ್ತಿತು. ಸಾಯುವ ಕಾರ್ಡನ್ನೇ ತಂದು ಹಾಕಿದ್ದಾನೆ. ಹಳೆ ಮಾಲು ನನಗೆ ದಾಟಿಸಿದ್ದು ಇದೇನು ಮೊದಲ ಸಲವಲ್ಲವಲ್ಲ, ಏಳು ಸಾವಿರದ್ದು ಕೊಟ್ಟಾಗಲೇ ನಾನು ತಿಳಿದುಕೊಳ್ಳಬೇಕಿತ್ತು.

ಸಂಜೆ ಆನಂದ ಬನ್ನಿ ಹಿಡಿದುಕೊಂಡು ಬಂದ. ಹೊಸ ಅಂಗಿ ಹಾಕಿದ್ದ. "ಬಂಗಾರ ತಗೋರಿ ಮಾಮಾ, ಬಂಗಾರದಂಗ ಇರೂಣು," ಎಂದು ಕೈ ಚಾಚಿದ. ದಸರೆಯ ಸಂಜೆ ಬನ್ನಿ ಕೊಡಲು ಬಂದರೆ ವೈರಿಯಾದರೂ ಬೇಡ ಅನ್ನುವ ಹಾಗಿಲ್ಲ. ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ.

"ನನ್ನ ಕಾರ್ಡ ಯಾರಿಗೆ ಮಾರಿದಿ?"

ಅವನಿಗೆ ತಿಳಿಯಲಿಲ್ಲ, ಅಥವಾ ತಿಳಿಯದವನ ಹಾಗೆ ಮಾಡಿದ. ಎಲ್ಲ ಬಿಡಿಸಿ ಹೇಳಿದೆ. ಓಣಿಗೆ ಕೇಳುವಂತೆ ಹೇಳಿದೆ. "ನಾ ಯಾಕ ಬದಲಿಸಲಿ ಮಾಮಾ? ತಡೀರಿ, ನೋಡೂಣು," ಎಂದು ಡಬ್ಬಿಯ ಹತ್ತಿರ ಕೂತ. ಕೈ ಹಾಕಬೇಡ ಕಳ್ಳ ನನ್ನ ಮಗನೇ ಅಂದೆ. ಕೈ ತೆಗೆದ. ಬದಿಯ ಜಾಲರಿಯೊಳಗೆ ಬಗ್ಗಿ ನೋಡಿದ. ನೋಡಿದವನು ಅಲ್ಲೇ ಸುಮ್ಮನಾದ. ಸಿಕ್ಕಿಬಿದ್ದ ಕಳ್ಳ ಹಾಗೆಯೇ ಸುಮ್ಮನಾಗುತ್ತಾನೆ.

ಆಮೇಲೆ ಮೆಲ್ಲಗೆ, "ನಿನ್ನಿ ಪೂಜಿ ಹೆಂಗ ಮಾಡಿದ್ರಿ ಮಾಮಾ?" ಅಂದ.

ಪೂಜೆಯ ಮಾತೆತ್ತಿ ಮಾತು ತಿರುಗಿಸುತ್ತಾನೆ! "ದೇವರ ಹೆಸರು ತಗೀಬ್ಯಾಡ. ಹೊರಗ ನಡಿ," ಅಂದೆ.

ಬನ್ನಿಯನ್ನು ಟಿವಿಯ ಮೇಲೆ ಇಟ್ಟು ಹೋದ. ಶಿವಗಂಗಾ ಬಾಗಿಲವರೆಗೂ ಹಿಂದೆ ಹೋದಳು. ನಾನು ಒಂದು ಕಾಗದಕ್ಕೆ ಅಂಟು ಹಚ್ಚಿ ಡಬ್ಬಿಯ ಬಾಗಿಲಿಗೆ ಬಡಿದು, ಮೇಲೆ ಸಹಿ ಮಾಡಿದೆ. ಇನ್ನು ಯಾರೂ ಕೈ ಹಾಕುವ ಹಾಗಿಲ್ಲ. ಸಾಕ್ಷಿ ಒಳಗೇ ಇರಲಿ.

ಅಕ್ಟೋಬರ್ 22, ಸೋಮವಾರ

ಅಂಗಡಿಗೆ ಹೋದೆ. ಮೊಣಕಾಲು ನೋಯುತ್ತಿತ್ತು, ಲೆಕ್ಕಿಸಲಿಲ್ಲ.

"ಮೇಸ್ತ್ರಿ, ಮೆಲ್ಲಗ ಮಾತಾಡ್ರಿ, ಗಿರಾಕಿ ಅದಾರ," ಅಂದ ದತ್ತಾತ್ರೇಯ.

"ನಾನೂ ಗಿರಾಕಿನ ಅದೀನಿ. ಎಲ್ಲರೂ ಕೇಳಲಿ. ಈ ಅಂಗಡ್ಯಾಗ ರಿಪೇರಿಗೆ ಕೊಟ್ರ ಮಾಲು ಬದಲಾಗಿ ಬರ್ತೈತಿ."

ಇಬ್ಬರು ಹುಡುಗರು ತಮ್ಮ ಪೆಟ್ಟಿಗೆ ಕೌಂಟರಿನಿಂದ ಹಿಂದಕ್ಕೆ ಎಳೆದುಕೊಂಡರು. ದತ್ತಾತ್ರೇಯನ ಮುಖದ ಬೆಣ್ಣೆ ಕರಗಿಹೋಯಿತು. "ಆನಂದ, ಖರೆ ಏನು?"

"ಬದಲಿ ಮಾಡಿಲ್ಲ ಸೇಠ."

"ಮತ್ತ ಹೆಂಗ ಸುಟ್ಟದ?"

ಆನಂದ ನನ್ನ ಮುಖ ನೋಡಿದ. "ಡಬ್ಬಿ ತಗದ್ರ ಗೊತ್ತಾಗತೈತಿ," ಅಂದ. ಅಷ್ಟೇ.

ಡಬ್ಬಿ ತನ್ನಿ ಅಂದ ದತ್ತಾತ್ರೇಯ. ತರುತ್ತೇನೆಯೇ? ಇಲ್ಲಿ ತಂದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಇನ್ನೊಂದು ಬದಲಾಗುತ್ತದೆ. ಮೈಸೂರಿನಿಂದ ಸಮರ್ಥ್ ಬರಲಿ, ತಿಳಿದವನ ಮುಂದೆಯೇ ತೆಗೆಯುವುದು ಅಂದೆ.

ದತ್ತಾತ್ರೇಯ ಹಣೆ ಉಜ್ಜಿಕೊಂಡ. "ಸ್ವಂತ ಮಾಮಾನೇ ಹಿಂಗ ಅಂದ್ರ ನಾ ಯಾರನ್ನ ನಂಬಲಿ? ಆನಂದ, ಡಬ್ಬಿ ತೆಗಿಯೋತನಕ ಕೌಂಟರಿಗಿ ಬರಬ್ಯಾಡ. ಹೊಸ ಅಂಗಡಿದೂ ಆಮ್ಯಾಲ ನೋಡೂನು."

ಆನಂದ ಕೊರಳಿನಲ್ಲಿದ್ದ ಅಂಗಡಿಯ ಗುರುತಿನ ಕಾರ್ಡು ತೆಗೆದು ಗಲ್ಲೆಯ ಮೇಲೆ ಇಟ್ಟ. ನನ್ನ ಪಕ್ಕದಿಂದಲೇ ಇಳಿದು ಹೋದ. ಬಾಯಿ ಬಿಡಲಿಲ್ಲ. ತಪ್ಪಿಲ್ಲದವನಾದರೆ ಬಾಯಿ ಬಿಡುತ್ತಿದ್ದ. ನಾನಾಗಿದ್ದರೆ ಕೂಗಾಡಿ ಅಂಗಡಿ ಒಂದು ಮಾಡುತ್ತಿದ್ದೆ.

ಅಕ್ಟೋಬರ್ 25, ಗುರುವಾರ

ಶಿವಗಂಗಾ ಮಾತು ಬಿಟ್ಟಿದ್ದಾಳೆ. ಇವತ್ತು ಒಂದೇ ಮಾತು ಆಡಿದಳು. "ಆವತ್ತ ನೀವೂ ಅದನ್ನ ಬಿಚ್ಚಿದ್ರಿ."

"ಪೂಜಿಗೆ ಬಿಚ್ಚಿದ್ದೆ. ದೇವರ ಕೆಲಸ ಎಲ್ಲಿಯಾರ ಕೆಡಸ್ತೈತೇನು? ಮೂವತ್ತು ವರ್ಷ ಕರಗಸಕ್ಕ ವಿಭೂತಿ ಹಚ್ಚೀನಿ, ಒಂದು ಹಲ್ಲು ಮುರದಿಲ್ಲ."

ತನ್ನ ತಮ್ಮನ ಮಗನ ಪರ ವಹಿಸುತ್ತಾಳೆ. ಇವಳೂ ಆ ಕಡೆಯವಳೇ.

ಅಕ್ಟೋಬರ್ 27, ಶನಿವಾರ

ಏನೂ ಇಲ್ಲ. ಕರ್ರಗಿನ ಪರದೆಯಲ್ಲಿ ನನ್ನ ಮುಖ ಕಾಣುತ್ತದೆ. ಬಟ್ಟೆ ಹೊದಿಸಿದೆ.

ಅಕ್ಟೋಬರ್ 30, ಮಂಗಳವಾರ

ದತ್ತಾತ್ರೇಯನ ಫೋನು. ದಿಲ್‌ಸುಖ್‌ನಗರದ ಅಂಗಡಿಗೆ ಬೇರೆಯವನನ್ನು ನೋಡಿದ್ದಾನಂತೆ. ದೀಪಾವಳಿ ಹತ್ತಿರ ಬಂತು, ಎಷ್ಟು ದಿನ ಕಾಯಲಿ ಎಂದ. ಸರಿ ಅಂದೆ. ಕಳ್ಳನ ಕೈಗೆ ಕೀಲಿ ಕೊಡುವುದಕ್ಕಿಂತ ಅದೇ ಒಳ್ಳೆಯದು.

ಶಿವಗಂಗಾಗೆ ಹೇಳಿದೆ. ಅವಳು ಒಲೆ ಆರಿಸಿ ಹಿತ್ತಲಿಗೆ ಹೋಗಿ ಕೂತಳು. ಮಧ್ಯಾಹ್ನದ ಊಟ ಇರಲಿಲ್ಲ. ನಾನೂ ಕೇಳಲಿಲ್ಲ.

ಟಿವಿಯ ಮೇಲಿನ ಬನ್ನಿ ಒಣಗಿದೆ. ಅವಳೂ ತೆಗೆಯುವುದಿಲ್ಲ, ನಾನೂ ತೆಗೆಯುವುದಿಲ್ಲ.

ನವೆಂಬರ್ 3, ಶನಿವಾರ

ಸಮರ್ಥ್ ಬಂದ. ಡಬ್ಬಿ ಒಯ್ದೆವು. ತೆಗೆದರು.

ನನ್ನ ವಿಭೂತಿ.

ನವೆಂಬರ್ 4, ರವಿವಾರ

ನಿನ್ನೆ ಮುಂದೆ ಬರೆಯಲಾಗಲಿಲ್ಲ.

ನನ್ನ ಸಹಿಯ ಕಾಗದವನ್ನು ನಾನೇ ಕಿತ್ತೆ. ಮೆಕ್ಯಾನಿಕ್ಕು ಕಾರ್ಡು ಎಳೆದು ಬೆಳಕಿಗೆ ಹಿಡಿದ. ಬಂಗಾರದ ಹಲ್ಲುಗಳ ಮೇಲೆ ಮೂರು ಗೆರೆ, ನಡುವೆ ಕುಂಕುಮ, ಎರಡು ಹಲ್ಲು ಸುಟ್ಟು ಇದ್ದಲಾಗಿವೆ. ಅವನು ತೆಲುಗಿನಲ್ಲಿ, "ಎವರಂಡಿ ದೀನಿಕಿ ಬೊಟ್ಟು ಪೆಟ್ಟಿಂದಿ?" ಅಂದ. ಇದಕ್ಕೆ ಬೊಟ್ಟು ಇಟ್ಟವರು ಯಾರು? ಗಿರಾಕಿಗಳು ನಕ್ಕರು. ದತ್ತಾತ್ರೇಯ ಮಾರಾಟದ ಪಟ್ಟಿ ತೆಗೆದು ಕಾರ್ಡಿನ ಮೈಮೇಲಿನ ನಂಬರು ಹೊಂದಿಸಿ ನೋಡಿದ. ನಾನು ಕೊಂಡ ಕಾರ್ಡೇ. ಬದಲಾಗಿಲ್ಲ. ಪಂಖ ಮಾತ್ರ ಹೊಸದು.

ಸಮರ್ಥ್ ಕಡೆ ತಿರುಗಿದೆ. "ನಾನು ಇರ್ಬೋದು ಅಂದೆ ಅಂಕಲ್, ಹೌದು ಅನ್ಲಿಲ್ಲ," ಎಂದು ಎರಡು ಹೆಜ್ಜೆ ಹಿಂದೆ ಸರಿದ. ವಯರು ಕಿವಿಗೆ ಹೋಯಿತು.

ನನಗೆ ಸಿಟ್ಟು ಬಂದದ್ದು ದತ್ತಾತ್ರೇಯನ ಮೇಲೆ. "ಎರಡು ವರ್ಷ ಕಣ್ಣೆದುರು ದುಡಿದವನನ್ನ ಒಬ್ಬ ಮುದುಕನ ಬಾಯಿ ಕೇಳಿ ಹೊರಗ ಹಾಕಿದೆಲ್ಲೋ! ನಿನಗೇನು ಕಣ್ಣಿಲ್ಲ?"

"ಅದೇ ಮುದುಕನ ಬಾಯಿ ಕೇಳೇ ಒಳಗ ತಗೊಂಡಿದ್ದೆ, ಮೇಸ್ತ್ರಿ," ಅಂದ.

ಗಿರಾಕಿಗಳ ಕಡೆ ತಿರುಗಿದೆ. ಆವತ್ತು ಎಷ್ಟು ದೊಡ್ಡ ದನಿಯಲ್ಲಿ ಅಂದಿದ್ದೆನೋ ಅಷ್ಟೇ ದೊಡ್ಡ ದನಿಯಲ್ಲಿ, ಆನಂದಕುಮಾರ ಏನೂ ಬದಲಿಸಿಲ್ಲ, ಸುಟ್ಟವನು ನಾನು ಅಂದೆ. ನಕ್ಕವರು ನಗು ನಿಲ್ಲಿಸಿದರು. ಯಾಕೋ ಅದು ನಗುವುದಕ್ಕಿಂತ ಕೆಟ್ಟದಾಗಿತ್ತು. ಹೊಸ ಅಂಗಡಿಗೆ ಬೇರೆಯವನ ಮಾತು ಮುಗಿದುಹೋಗಿದೆ, ಇಲ್ಲಿಯ ಕೌಂಟರು ಇದೆ, ನಾಳೆಯೇ ಬರಲಿ ಅಂದ ದತ್ತಾತ್ರೇಯ.

ಇವತ್ತು ಬೆಳಿಗ್ಗೆ ನಾರಾಯಣಗೂಡದಲ್ಲಿ ಆನಂದನ ಖೋಲಿಗೆ ಹೋದೆ. ಮಾಳಿಗೆಯ ಮೇಲಿದೆ. ಮೆಟ್ಟಿಲು ಒಂದೊಂದೂ ಮೊಣಕಾಲಿನ ಹೆಸರು ಹಿಡಿದು ಕರೆಯಿತು. ಅವನು ಅಂಗಿ ಇಸ್ತ್ರಿ ಮಾಡುತ್ತಿದ್ದ. ಕೋಠಿ ಬಜಾರಿನಲ್ಲಿ ಮೊಬೈಲು ಮಾರುವ ಅಂಗಡಿಗೆ ಸೇರಿದ್ದಾನಂತೆ. ನನ್ನನ್ನು ನೋಡಿ ಕುರ್ಚಿ ಸರಿಸಿದ. ಅಂಗಡಿಯಲ್ಲಿ ಆದದ್ದನ್ನೆಲ್ಲ ಹೇಳಿದೆ.

"ನಿನಗ ಗೊತ್ತಿತ್ತೇನು?"

"ಜಾಲರ‍್ಯಾಗ ಕೆಂಪಗ ಕಂಡಿತ್ತು."

"ಮತ್ತ ಬಾಯಿಗೇನಾಗಿತ್ತು?"

"ಹೇಳಬೇಕಂತ ಪೂಜಿ ಹೆಂಗ ಮಾಡಿದ್ರಿ ಅಂದೆ. ಹೊರಗ ನಡಿ ಅಂದ್ರಿ." ಇಸ್ತ್ರಿ ನಿಲ್ಲಿಸಲಿಲ್ಲ. "ಅಂಗಡ್ಯಾಗ ಹೇಳಬಹುದಿತ್ತು. ಹತ್ತು ಮಂದಿ ಮುಂದ ಕಳ್ಳ ಅಂದ್ರಿ ಮಾಮಾ. ಆಮ್ಯಾಲ ನನಗ ಮನಸ ಬರಲಿಲ್ಲ. ಇವರೇ ಬಿಚ್ಚಲಿ, ಇವರೇ ನೋಡಲಿ ಅಂದ್ಕೊಂಡೆ."

"ಸೇಠ ಕರದಾನ. ಹೋಗು."

"ಒಲ್ಲೆರಿ. ನಾ ಕಳ್ಳ ಅಲ್ಲಂತ ಒಂದು ಕಾರ್ಡಿನ ನಂಬರ ಹೇಳಬೇಕಾತು. ಆ ಕೌಂಟರಿನಾಗ ನಿಂತು ಮತ್ತ ಹೆಂಗ ನಗಲಿ?"

ಅಂಗಿಯ ಜೇಬಿನಿಂದ ಬನ್ನಿ ತೆಗೆದೆ. ಟಿವಿಯ ಮೇಲಿನಿಂದ ತಂದಿದ್ದೆ. ಆಟೋದ ಕುಲುಕಾಟಕ್ಕೆ ಎಲೆ ಉದುರಿ ಅರ್ಧ ಪುಡಿಯಾಗಿತ್ತು. ಕೈ ಚಾಚಿದೆ. ಬಂಗಾರದ ಹಾಗೆ ಇರೋಣ ಅನ್ನಬೇಕು, ಅನ್ನಲು ಬರಲಿಲ್ಲ. ಅವನು ನೋಡಿದ. ಮೊದಲ ಸಲ ತುಟಿಯ ಒಂದು ಬದಿ ಸ್ವಲ್ಪ ಮೇಲೆ ಹೋಯಿತು.

"ಇದು ನಾ ಕೊಟ್ಟದ್ದ ಐತಿ. ನಂದ ನನಗ ತಿರುಗಿ ಕೊಟ್ರ ಹೆಂಗ ಮಾಮಾ? ಕೊಡೋದಿದ್ರ ನಿಮ್ಮದು ತರ್ರಿ."

ಅದಕ್ಕೆ ಇನ್ನೊಂದು ದಸರೆ ಬರಬೇಕು. ಬನ್ನಿ ಪುಡಿಯನ್ನು ತಿರುಗಿ ಜೇಬಿಗೆ ಹಾಕಿಕೊಂಡು ಇಳಿದೆ. ಇಳಿಯುವಾಗ ಕೈ ಹಿಡಿದ. ಕೊನೆಯ ಮೆಟ್ಟಿಲಿಗೆ ಬಿಟ್ಟ.

ನವೆಂಬರ್ 6, ಮಂಗಳವಾರ

ಮೆಕ್ಯಾನಿಕ್ಕು ಡಬ್ಬಿ ತಂದುಕೊಟ್ಟ. ಪ್ರೊಸೆಸರಿಗೆ ಏನೂ ಆಗಿಲ್ಲ. ಕಾರ್ಡಿಲ್ಲದೆಯೂ ಬೋರ್ಡಿನಿಂದಲೇ ಬಡಕಲು ಚಿತ್ರ ಬರುತ್ತದೆ. ಅಂಥ ಬೋರ್ಡೇ ಇರಲಿ ಎಂದು ಸೆಪ್ಟೆಂಬರಿನಲ್ಲಿ ಆರಿಸಿದವನು ಆನಂದ. ಊರು ತೆರೆಯಿತು. ನೆರಳಿಲ್ಲ, ನೀರಿನಲ್ಲಿ ಮೋಡವಿಲ್ಲ, ಗೋಡೆಗಳೆಲ್ಲ ಹಲಗೆ ಬಿಚ್ಚಿದ ದಿನದ ಹಾಗೆ ಬೂದಿ ಬಣ್ಣ. ಆದರೆ ಎಲ್ಲ ಇದ್ದಲ್ಲೇ ಇದೆ. ಸೇತುವೆ ಇದೆ. ಸೆಂಟ್ರಿಂಗ್‌ನವರ ಓಣಿ ಇದೆ. ಮಂದಿ ಕೆಲಸಕ್ಕೆ ಹೋಗುತ್ತಿದ್ದಾರೆ.

ತಾರಾ ದೀಪಾವಳಿಗೆ ಬರುವುದಿಲ್ಲವಂತೆ, ಪರೀಕ್ಷೆ. "ಮತ್ತ ಈ ಡಬ್ಬಿ ಯಾರಿಗೆ?" ಅಂದಳು ಶಿವಗಂಗಾ. ಅಂದವಳೇ ನಕ್ಕಳು. ಮೊದಲ ದಿನದಿಂದಲೇ ಗೊತ್ತಿತ್ತಂತೆ. ಗೊತ್ತಿದ್ದೂ ಹೇಳಲಿಲ್ಲ. ಇವರ ಮನೆತನವೇ ಹೀಗೆ.

ಎರಡು ದಿನದಿಂದ ಯೋಚಿಸುತ್ತಿದ್ದೇನೆ. ನಾನು ಸುಟ್ಟೆ, ಒಪ್ಪಿದೆ, ನಾಲ್ಕು ಜನರ ಮುಂದೆ ಅಂದೆ. ಆದರೆ ಅವನು ಎಲ್ಲ ಕಂಡೂ ಬಾಯಿ ಮುಚ್ಚಿಕೊಂಡು, ಮುದುಕನನ್ನು ಅಷ್ಟು ದಿನ ಕೂಗಾಡಲು ಬಿಟ್ಟನಲ್ಲ, ಅದು ಮೋಸ ಅಲ್ಲವೇ? ನನ್ನ ಬಾಯಿಗೆ ಕೈ ಅಡ್ಡ ಹಿಡಿದಾದರೂ ಹೇಳಬಹುದಿತ್ತು. ಇದನ್ನು ಅವನ ಮುಖಕ್ಕೇ ಹೇಳಬೇಕು. ಅದಕ್ಕೆ ಅವನು ಇಲ್ಲಿಗೆ ಬರಬೇಕು. ಅವನ ಮೆಟ್ಟಿಲು ಇನ್ನೊಮ್ಮೆ ನನ್ನ ಕೈಲಾಗುವುದಿಲ್ಲ.

"ದೀಪಾವಳಿ ದಿನ ಬಾ ಅನ್ನು ಅವನಿಗೆ," ಎಂದೆ ಶಿವಗಂಗಾಗೆ.

"ಯಾಕ?"

"ಜಗಳ ಮಾಡೋದೈತಿ."

ಫೋನು ಕೈಗೆತ್ತಿಕೊಂಡು ನಿಂತಳು. "ಹೋಳಿಗಿ ಮಾಡ್ಲೇನು?"

"ಮಾಡು. ಅವನಿಗೆ ತುಪ್ಪ ಜಾಸ್ತಿ ಬೇಕಾಗತೈತಿ, ತರಸು."

ಅಡುಗೆಮನೆಯೊಳಗೆ ಹೋಗಿ ಮೆಲ್ಲಗೆ ಮಾತಾಡಿದಳು. ನಾನು ಕಿವಿ ಕೊಡಲಿಲ್ಲ. ಆಟದ ಸಪ್ಪಳ ಮಾತ್ರ ಸಣ್ಣ ಮಾಡಿದೆ. ಹೊರಗೆ ಬಂದು ಸೆರಗಿಗೆ ಕೈ ಒರೆಸಿಕೊಂಡಳು.

"ಏನಂದ?"

"ಜಗಳಕ್ಕಾದ್ರ ಬರ್ತೀನಿ ಅಂದ."